ನಾಲ್ಕನೆಯ ಸೋಡಾ

"ರೀ, ನೆಕ್ಕಬೇಡಿ."

ಬನ್ನಿನ ಮೇಲಿನ ಸಕ್ಕರೆ ಅಂಟಿದ ನನ್ನ ಬೆರಳು ಇನ್ನೇನು ನಾಲಿಗೆಗೆ ತಾಗಬೇಕು, ಅಷ್ಟರಲ್ಲಿ ಹೆಂಡತಿಯ ದನಿ ಬಂತು. ಆಯುಷ್ಯವೆಲ್ಲ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟ ದನಿ ಅದು. ಕೊನೆಯ ಬೆಂಚಿನವನು ಬಾಯಲ್ಲಿಟ್ಟುಕೊಂಡ ಪೆನ್ಸಿಲು ಕೂಡ ಆ ದನಿಗೆ ಕೆಳಗಿಳಿಯುತ್ತದೆ. ನಾನು ಬೆರಳು ಕೆಳಗಿಳಿಸಿದೆ.

"ಬ್ಯಾಂಡ್ ಮಾಸ್ಟರು ನೆಕ್ಕಿದ್ದೂ ಇದನ್ನೇ. ಅವರ ತುಟಿ ನೋಡಿ ಬಂದ್ರಲ್ಲ? ಹೋಗಿ ನಲ್ಲಿ ಕೆಳಗೆ ಕೈ ಹಿಡೀರಿ. ನಾನು ಸಾಕು ಅನ್ನೋ ತನಕ."

ನೋಡಿ ಬಂದಿದ್ದೆ. ಬೆಳಿಗ್ಗೆ ನನ್ನ ತಂಗಿಯ ಬೇಕರಿಯಲ್ಲಿ ಸಕ್ಕರೆ ಬನ್ನು ತಿಂದ ಬ್ಯಾಂಡ್ ಮಾಸ್ಟರರ ತುಟಿ ಸುಟ್ಟು ಬೊಬ್ಬೆ ಎದ್ದು, ಅವರು ಆಸ್ಪತ್ರೆ ಸೇರಿದ್ದರು. ಜೀವಕ್ಕೇನೂ ಅಪಾಯವಿಲ್ಲ, ತುತ್ತೂರಿ ಊದುವ ಮಾತು ಮಾತ್ರ ಸದ್ಯಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವರ ಅಕ್ಕಪಕ್ಕದ ಮನೆಯವರು ಈ ಸುದ್ದಿಯನ್ನು ಬಹಳ ಧೈರ್ಯದಿಂದ ಸಹಿಸಿಕೊಂಡರು.

ನಾನು ನಲ್ಲಿಯ ಕೆಳಗೆ ಕೈ ಹಿಡಿದು ನಿಂತೆ. ಬೆರಳು ಸೋಪು ಹಚ್ಚಿದ ಹಾಗೆ ಜಾರುತ್ತಿತ್ತು. ಹಾಗೆಂದು ಹೆಂಡತಿಗೆ ಹೇಳಿದೆ. ಅವಳು ಕನ್ನಡಕ ಮೇಲೇರಿಸಿ, ಮಾಸ್ಟರರು ಅರ್ಧ ಕಚ್ಚಿಟ್ಟ ಬನ್ನನ್ನು ಚಿಮಟದಲ್ಲಿ ತಿರುಗಿಸಿ ನೋಡಿದಳು.

ಬನ್ನು ಬೆವರಿತ್ತು. ತಮಾಷೆಗೆ ಹೇಳುತ್ತಿಲ್ಲ. ಹೊರಗೆ ರಣಬಿಸಿಲು, ಒಳಗೆ ಒಲೆಯ ಕಾವು, ಪಕ್ಕದ ತಟ್ಟೆಯ ಬನ್ನುಗಳೆಲ್ಲ ಒಣಗಿ ಗರಿಗರಿಯಾಗಿವೆ. ಇದೊಂದರ ನೆತ್ತಿ ಮಾತ್ರ ಒದ್ದೆಯಾಗಿತ್ತು.

"ಮೇಡಂ, ಇನ್ನೂ ಎಷ್ಟೊತ್ತಾಗತ್ತೆ?" ಎಂದ ಆರೋಗ್ಯ ಇನ್ಸ್‌ಪೆಕ್ಟರು.

ಊರಿಗೆಲ್ಲ ಅವನು ಸೀಲು ಸಾಹೇಬ. ಅರಗಿನ ಕಡ್ಡಿ, ಮೇಣದಬತ್ತಿ, ಹಿತ್ತಾಳೆಯ ಮುದ್ರೆ ಅವನ ಅಂಗಿಯ ಜೇಬಿನಲ್ಲಿ ಸದಾ ಇರುತ್ತವೆ. ಬೇರೆಯವರು ಅಂಗಡಿಗೆ ಬಂದರೆ ಏನು ಕೊಳ್ಳಲಿ ಎಂದು ನೋಡುತ್ತಾರೆ, ಇವನು ಬೀಗ ಎಲ್ಲಿ ಹಾಕಲಿ ಎಂದು ನೋಡುತ್ತಾನೆ. ಸಂಜೆಯೊಳಗೆ ಬೇರೆ ಕಾರಣ ಸಿಗದಿದ್ದರೆ ಬೇಕರಿಗೆ ಮುದ್ರೆ ಬೀಳುತ್ತದೆ, ನನ್ನ ತಂಗಿಯ ಮೇಲೆ ಪೊಲೀಸ್ ಕೇಸಾಗುತ್ತದೆ. ಇಷ್ಟನ್ನೂ ಅವನು ನಿಂತುಕೊಂಡೇ ಹೇಳಿದ. ಕುರ್ಚಿ ಇತ್ತು. ಆದರೆ ನನ್ನ ಹೆಂಡತಿ ಅವನಿಗೆ ಹತ್ತನೇ ಕ್ಲಾಸಿನಲ್ಲಿ ಪಾಠ ಮಾಡಿದ್ದಳು, ಅವಳು ಕೂತ್ಕೋ ಅನ್ನದೆ ಅವನಿಗೆ ಕೂರಲು ಬರುತ್ತಿರಲಿಲ್ಲ.

ತಂಗಿ ಒಲೆಯ ಪಕ್ಕ ಸೆರಗು ಬಿಗಿದು ನಿಂತಿದ್ದಳು. ಆ ಒಲೆಯನ್ನು ಅವಳೇ ನಿಂತು ಕಟ್ಟಿಸಿದ್ದು. ಕಂಡವರ ಅಂಗಡಿಯಲ್ಲಿ ಹಿಟ್ಟು ನಾದಿ ನಾದಿ ತೋಳು ಬಿದ್ದುಹೋದ ಮೇಲೆ, ನನ್ನದು ಅನ್ನುವ ಒಂದು ಒಲೆ ಬೇಕು ಎಂದು ಹಟ ಹಿಡಿದು ಕಟ್ಟಿಸಿದ್ದಳು. ಇವತ್ತು ಅದು ಆರುತ್ತದೆ ಎಂಬ ಭಯಕ್ಕೆ ಅವಳ ಕಣ್ಣು ಕೆಂಪಾಗಿತ್ತು.

"ಅಣ್ಣಾ, ಅತ್ತಿಗೆಗೆ ಹೇಳು, ನಾನು ಬನ್ನಿನ ಮೇಲೆ ಸಕ್ಕರೆ ಬಿಟ್ಟು ಬೇರೇನೂ ಉದುರಿಸಿಲ್ಲ ಅಂತ."

ಅತ್ತಿಗೆ ಅವಳಿಗೆ ಕೈಗೆಟಕುವಷ್ಟು ಹತ್ತಿರದಲ್ಲೇ ಇದ್ದಳು.

"ರೀ, ನಿಮ್ಮ ತಂಗಿಗೆ ಹೇಳಿ, ನಾನೂ ಹಾಗಂತ ಹೇಳಿಲ್ಲ ಅಂತ."

ಇಬ್ಬರಿಗೂ ನಾನು ಹೇಳಿದೆ. ನನ್ನ ಗಡಿಯಾರ ರಿಪೇರಿಯ ಅಂಗಡಿಯ ಜೊತೆಗೆ ಇದು ನನ್ನ ಎರಡನೆಯ ಉದ್ಯೋಗ. ಈ ಅತ್ತಿಗೆ ನಾದಿನಿಯರ ನಡುವೆ ಮಾತು ನಿಂತು ಬಹಳ ಕಾಲವಾಯಿತು. ತಂಗಿ ಬೇಕರಿ ಶುರು ಮಾಡಿದ ದಿನ, ನೆಂಟರೆಲ್ಲ ಸೇರಿದ್ದಾಗ, ಅವಳ ಕೇಕಿನ ಕ್ರೀಮಿನ ಮೇಲೆ ನನ್ನ ಹೆಂಡತಿ ಒಂದು ಹನಿ ಅಯೋಡಿನ್ ಬಿಟ್ಟಳು. ಕ್ರೀಮು ನೀಲಿಯಾಯಿತು. ಅಪ್ಪಟ ಬೆಣ್ಣೆಯ ಕ್ರೀಮು ಅಂದಿದ್ಯಲ್ಲ, ಇದರಲ್ಲಿ ಹಿಟ್ಟಿನ ಗಂಜಿ ಇದೆ, ಎಂದು ಎಲ್ಲರ ಎದುರು ಮೆಚ್ಚುಗೆಯಿಂದ ಹೇಳಿದಳು. ಅವಳ ಮೆಚ್ಚುಗೆ ಪರೀಕ್ಷೆ ಸರಿಯಾಗಿ ಬಂತು ಎಂಬುದಕ್ಕೆ. ತಂಗಿಗೆ ಅದು ಅರ್ಥವಾಗಲಿಲ್ಲ, ಆಗಬೇಕೆಂದೇನೂ ಇಲ್ಲ. ಅಂದಿನಿಂದ ಇವತ್ತಿನ ತನಕ ಒಬ್ಬಳ ಬಾಗಿಲಿಗೆ ಇನ್ನೊಬ್ಬಳು ಕಾಲಿಟ್ಟಿರಲಿಲ್ಲ.

ಸೀಲು ಸಾಹೇಬನ ವಾದ ಸರಳವಾಗಿತ್ತು. ತಂಗಿಯ ಮನೆಯ ಅಂಗಳ ಒಂದೇ, ಉದ್ಯೋಗ ಮೂರು. ಮುಂದೆ ಇವಳ ಬೇಕರಿ. ಎಡಕ್ಕೆ ಇವಳ ಮಾವನ ಲಾಂಡ್ರಿ. ಹಿಂದೆ ಇವಳ ಗಂಡ ಸೋಡಾ ಬಾಟಲಿ ತುಂಬುವ ಶೆಡ್ಡು. ಮೂವರಿಗೂ ದಿನ ಬೆಳಗಾದರೆ ಸೋಡಾ ಬೇಕು, ಒಬ್ಬೊಬ್ಬರ ಸೋಡಾ ಒಂದೊಂದು. ಆ ಮನೆಯಲ್ಲಿ ಅತಿ ಹೆಚ್ಚು ಕೇಳಿಬರುವ ಮಾತೆಂದರೆ "ಯಾವ ಸೋಡಾ?" ಎಂಬುದೇ. ಮದುವೆಯಾದ ಹೊಸದರಲ್ಲಿ, ಹೊಟ್ಟೆ ಉಬ್ಬರಿಸಿದೆ ಸ್ವಲ್ಪ ಸೋಡಾ ಕೊಡಮ್ಮ ಎಂದ ಮಾವನಿಗೆ ತಂಗಿ ಲಾಂಡ್ರಿಯ ಡಬ್ಬದಿಂದಲೇ ಒಂದು ಚಮಚ ಕಲಸಿ ಕೊಟ್ಟಿದ್ದಳು. ಅವರು ಅದನ್ನು ತುಟಿಗಿಟ್ಟು ಉಗಿದ ಮೇಲೆ ಮನೆಯಲ್ಲಿ ಹೆಸರು ಬದಲಾಯಿತು. ಅಡುಗೆಯದು ಬಾಯಿ ಸೋಡಾ, ಲಾಂಡ್ರಿಯದು ಬಟ್ಟೆ ಸೋಡಾ, ಗಂಡನದು ಬಾಟಲಿ ಸೋಡಾ.

"ಹೆಸರಿಟ್ಟರೆ ಏನು ಬಂತು ಮೇಡಂ," ಎಂದ ಸೀಲು ಸಾಹೇಬ. "ಬೆಳಿಗ್ಗೆ ಅವಸರದಲ್ಲಿ ಇವರು ಸೋಡಾ ಅಂದಿದ್ದಾರೆ, ಯಾರೋ ಬಟ್ಟೆ ಸೋಡಾ ತಂದಿಟ್ಟಿದ್ದಾರೆ. ಅಜಾಗರೂಕತೆ. ನನಗೆ ಅಷ್ಟು ಸಾಕು."

"ನಂಗೆ ಸಾಲ್ದು," ಎಂದಳು ನನ್ನ ಹೆಂಡತಿ. "ಕೂತ್ಕೋ."

ಅವನು ಕೂತ.

ಅವಳು ಮನೆಯಿಂದ ತಂದಿದ್ದ ಪೆಟ್ಟಿಗೆ ಬಿಚ್ಚಿದಳು. ನಾಲ್ಕು ಪ್ರನಾಳ, ಸ್ಪಿರಿಟ್ ದೀಪ, ಬಗ್ಗಿಸಿದ ಗಾಜಿನ ನಳಿಕೆ, ಒಂದು ಶೀಶೆ ಸುಣ್ಣದ ತಿಳಿನೀರು. ಬೇರೆ ಹೆಂಗಸರು ತವರಿಗೆ ಹೋಗುವಾಗ ಇಷ್ಟು ಜೋಪಾನವಾಗಿ ಒಡವೆ ಕಟ್ಟಿಕೊಳ್ಳುವುದಿಲ್ಲ.

ಮೊದಲು ಬಾಯಿ ಸೋಡಾ. ಪ್ರನಾಳಕ್ಕೆ ಒಂದು ಚಿಟಿಕೆ ಹಾಕಿ ಮೇಲೆ ಆಮ್ಲ ಬಿಟ್ಟಳು. ಬುಸ್ಸೆಂದು ನೊರೆ ಎದ್ದಿತು. ಬಂದ ಅನಿಲವನ್ನು ನಳಿಕೆಯಲ್ಲಿ ಸುಣ್ಣದ ನೀರಿಗೆ ಹಾಯಿಸಿದಳು. ನೀರು ಹಾಲಿನಂತಾಯಿತು. ಸೀಲು ಸಾಹೇಬ ಸಿಕ್ಕಿಬಿತ್ತು ಎಂದು ಅರಗಿನ ಕಡ್ಡಿ ತೆಗೆದ. ಅವಳು ಅವನನ್ನು ನೋಡಿದಳು. ಅವನು ಕಡ್ಡಿ ಒಳಗಿಟ್ಟ.

ಆಮೇಲೆ ಬಟ್ಟೆ ಸೋಡಾ. ಅದೇ ಬುಸ್ಸು, ಅದೇ ಹಾಲು. ಅರಗಿನ ಕಡ್ಡಿ ಮತ್ತೆ ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಕೊನೆಗೆ ತಂಗಿಯ ಗಂಡನ ಶೆಡ್ಡಿನಿಂದ ಒಂದು ಬಾಟಲಿ ತರಿಸಿ, ಮುಚ್ಚಳ ತೆಗೆದು ಅದರ ಗ್ಯಾಸನ್ನೂ ಸುಣ್ಣದ ನೀರಿಗೆ ಬಿಟ್ಟಳು. ಅದೂ ಹಾಲು.

ಸೀಲು ಸಾಹೇಬನಿಗೆ ದಿಕ್ಕು ತೋಚಲಿಲ್ಲ. ಹಾಗಾದರೆ ಮೂವರ ಮೇಲೂ ಕೇಸು ಹಾಕಬೇಕೇ ಎಂದು ಕೇಳಿದ.

"ಮೂರರಲ್ಲೂ ಇರೋದು ಒಂದೇ ಅನಿಲ ಕಣೋ, ಕಾರ್ಬನ್ ಡೈಆಕ್ಸೈಡ್. ಇವು ಮೂರೂ ಒಂದೇ ಮನೆತನ. ಇವುಗಳಲ್ಲಿ ಯಾವುದೇ ಒಂದು ಬನ್ನಿನ ಮೇಲೆ ಬಿದ್ದಿದ್ರೂ ಈ ನೀರು ಬೆಳ್ಳಗಾಗ್ಲೇಬೇಕು. ಈಗ ನೋಡು. ಪ್ರನಾಳದ ಬಾಯಿ ನಿನ್ನ ಮುಖದ ಕಡೆ ತಿರುಗಿಸ್ಕೋಬೇಡ, ಆಗ್ಲೂ ಹೇಳ್ತಿದ್ದೆ."

ಬೆವರಿದ ಬನ್ನಿನ ನೆತ್ತಿಯಿಂದ ಹರಳುಗಳನ್ನು ಕೆರೆದು ನಾಲ್ಕನೆಯ ಪ್ರನಾಳಕ್ಕೆ ಹಾಕಿದಳು. ಆಮ್ಲ ಬಿಟ್ಟಳು. ನಾನು ಉಸಿರು ಹಿಡಿದೆ. ಒಂದೆರಡು ಗುಳ್ಳೆ ಎದ್ದ ಹಾಗೆ ಮಾಡಿ ಸುಮ್ಮನಾಯಿತು. ಸುಣ್ಣದ ನೀರು ತಿಳಿಯಾಗಿಯೇ ಉಳಿಯಿತು.

"ಹಾಗಾದ್ರೆ ಬರೀ ಸಕ್ಕರೆ," ಎಂದ ಅವನು.

"ಸಕ್ಕರೆ ತಿಂದು ಯಾರ ತುಟಿ ಸುಟ್ಟಿದೆ?"

ಇನ್ನಷ್ಟು ಹರಳನ್ನು ನೀರಿನಲ್ಲಿ ಕರಗಿಸಿ ಒಂದು ಹನಿ ಫಿನಾಲ್ಫ್ತಲೀನ್ ಬಿಟ್ಟಳು. ಬಣ್ಣವಿಲ್ಲದ ಆ ದ್ರಾವಣ ಬಿದ್ದದ್ದೇ ತಡ, ನೀರು ಗಾಢ ಗುಲಾಬಿಯಾಯಿತು. ಪ್ರತ್ಯಾಮ್ಲವಿದ್ದರೆ ಹೀಗಾಗುತ್ತದೆ ಎಂದು ಅವಳು ನನಗೆ ಮದುವೆಯಾದ ವಾರವೇ ಹೇಳಿಕೊಟ್ಟಿದ್ದಾಳೆ. ಆಮೇಲೆ ಅದಕ್ಕೆ ನವಸಾಗರದ ಉಪ್ಪು ಸೇರಿಸಿ ದೀಪದ ಮೇಲೆ ಬೆಚ್ಚಗೆ ಮಾಡಿ, "ರೀ, ಮೂಗು" ಎಂದಳು.

ಇದು ನನ್ನ ಮೂರನೆಯ ಉದ್ಯೋಗ. ಕೈಯಲ್ಲಿ ಬೀಸಿಕೊಂಡು ಮೂಸಬೇಕು, ನೇರವಾಗಿ ಮೂಗಿಡಬಾರದು. ಬೀಸಿಕೊಂಡೆ. ತಲೆಯೊಳಗೆ ಯಾರೋ ಬಾಗಿಲು ಒದ್ದು ತೆರೆದಂತಾಗಿ ಕಣ್ಣಲ್ಲಿ ದಳದಳ ನೀರು ಬಂತು. ಅಮೋನಿಯ ಎಂದು ನಾನು ಹೇಳುವ ಅಗತ್ಯವೇ ಬೀಳಲಿಲ್ಲ. ನನ್ನ ಮುಖ ನೋಡಿಯೇ ಅವಳು ತಲೆಯಾಡಿಸಿದಳು. ಪ್ರನಾಳದ ಬಾಯಿಗೆ ಹಿಡಿದ ಕೆಂಪು ಲಿಟ್ಮಸ್ ಕಾಗದವೂ ನೀಲಿಯಾಗಿತ್ತು.

"ಆಮ್ಲ ಹಾಕಿದ್ರೆ ಅನಿಲ ಇಲ್ಲ. ಗಾಳಿಯಿಂದ ನೀರು ಹೀರ್ಕೊಂಡು ಬೆವರತ್ತೆ. ಮುಟ್ಟಿದ್ರೆ ಸೋಪಿನ ಹಾಗೆ ಜಾರತ್ತೆ. ನವಸಾಗರದಿಂದ ಅಮೋನಿಯ ಬಿಡಿಸತ್ತೆ. ಇದು ದಾಹಕ ಸೋಡಾ."

"ದಾಹಕ್ಕೆ ಕುಡಿಯೋ ಸೋಡಾನಾ ಮೇಡಂ?" ಎಂದ ಸೀಲು ಸಾಹೇಬ. "ಅದು ಇವರ ಗಂಡಂದು."

ನನ್ನ ಹೆಂಡತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ದಾಹಕ್ಕೆ ಅಲ್ಲ. ದಾಹಕ. ಸುಡೋ ಅಂಥದ್ದು. ಸೋಡಿಯಂ ಹೈಡ್ರಾಕ್ಸೈಡ್. ಪರೀಕ್ಷೇಲೂ ನೀನು ಹೀಗೇ ಬರೆದಿದ್ದೆ, ಬೇಸಿಗೇಲಿ ತಂಪಿಗೆ ಬಳಸ್ತಾರೆ ಅಂತ. ನಿನ್ನನ್ನ ಪಾಸು ಮಾಡಿದ್ದು ನನ್ನ ತಪ್ಪು."

ಅವನ ಕಿವಿ ಕೆಂಪಾಯಿತು. ಆದರೂ ಅವನು ಕೆಲಸ ಬಿಡುವವನಲ್ಲ. ಸೋಡಾ ಯಾವುದಾದರೇನು, ಅಂಗಡಿ ಇವರದೇ ತಾನೆ ಎಂದು ಕೇಳಿದ.

ಆಗ ಹೆಂಡತಿ ತಂಗಿಯ ಕಡೆ ತಿರುಗಿದಳು. ನನ್ನ ಮೂಲಕ ಅಲ್ಲ, ನೇರವಾಗಿ.

"ನಿಮ್ಮ ಮನೇಲಿ ಇರೋದು ಮೂರೇ ಸೋಡಾ. ಇದು ಆ ಮೂರೂ ಅಲ್ಲ. ನಿನ್ನ ಕೈ ತಪ್ಪಿ ಬಿದ್ದಿದ್ದಲ್ಲ ಇದು, ಯಾರೋ ಹೊರಗಿನಿಂದ ತಂದು, ಪುಡಿ ಮಾಡಿ, ಸಕ್ಕರೆ ಜೊತೆ ಉದುರಿಸಿದ್ದು. ನೀನು ಹೆದರ್ಕೋಬೇಡ ಕಣೇ."

ತಂಗಿ "ಅತ್ತಿಗೆ" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದಳು. ನಾನೂ ಅಮೋನಿಯ ಎಂದು ಹೇಳಿ ಕಣ್ಣೊರೆಸಿಕೊಂಡೆ. ಎರಡನೆಯ ಉದ್ಯೋಗ ಹೋಯಿತು ಎಂದು ಇಷ್ಟು ಸಂತೋಷಪಟ್ಟವನು ಊರಲ್ಲಿ ನಾನೊಬ್ಬನೇ ಇರಬೇಕು.

"ಹೊರಗಿನಿಂದ ಅಂದ್ರೆ ಎಲ್ಲಿಂದ?" ಸೀಲು ಸಾಹೇಬ ಬಿಡಲಿಲ್ಲ. "ಈ ದಾಹಕ ಸೋಡಾ ಯಾರ ಹತ್ರ ಇರತ್ತೆ ಮೇಡಂ?"

ಹೆಂಡತಿ ಪ್ರನಾಳಗಳನ್ನು ತೊಳೆಯುತ್ತಿದ್ದಳು. ಕೈ ನಿಂತಿತು. ಅವಳು ಸುಳ್ಳು ಹೇಳಬಹುದಿತ್ತು, ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಪರೀಕ್ಷೆಯ ಫಲಿತಾಂಶವನ್ನು ತಿದ್ದುವುದು ಅವಳ ಹಣೆಯಲ್ಲೇ ಬರೆದಿಲ್ಲ.

"ಈ ಬೀದೀಲಿ ನಂಗೆ ಗೊತ್ತಿರೋ ಹಾಗೆ ಒಂದೇ ಬಾಟಲಿ," ಎಂದಳು. "ನನ್ನ ಲ್ಯಾಬಲ್ಲಿ."

ಶಾಲೆಗೆ ಅಂದು ರಜೆ. ನಾವು ನಾಲ್ವರೂ ಬೀದಿಯ ಕೊನೆಗೆ ನಡೆದೆವು. ಮುಂದೆ ಹೆಂಡತಿ, ಹಿಂದೆ ಸೀಲು ಸಾಹೇಬ, ಅವನ ಹಿಂದೆ ಪೆಟ್ಟಿಗೆ ಹೊತ್ತ ನಾನು. ಭುಜಕ್ಕೆ ಊಟದ ಡಬ್ಬಿ ಒಯ್ಯುವ ನನ್ನ ಚೀಲ ಎಂದಿನಂತೆ ತಗುಲಿಕೊಂಡಿತ್ತು. ತಂಗಿ ಒಲೆಯ ಮುಂದೆ ಗಂಡನನ್ನು ಕೂರಿಸಿ, ನಾನೂ ಬರುತ್ತೇನೆ ಎಂದು ಬಂದಳು.

ಲ್ಯಾಬಿನಲ್ಲಿ ಕಲ್ಲಿನ ಮೇಜು, ಉದ್ದನೆಯ ಸಿಂಕು, ಗೋಡೆಗೆ ಗಾಜಿನ ಬೀರು. ಹೆಂಡತಿ ಬೀಗ ತೆಗೆದು ಕೆಳಗಿನ ಅಂಕಣದಿಂದ ಒಂದು ಕಂದು ಬಾಟಲಿ ಎತ್ತಿದಳು. ಕುತ್ತಿಗೆಯ ತನಕ ತುಂಬಿತ್ತು. ನನಗೆ ಹೋದ ಜೀವ ಬಂತು. ಬಾಟಲಿ ತುಂಬಿದೆ ಎಂದರೆ ಯಾರೂ ಮುಟ್ಟಿಲ್ಲ ಎಂದಲ್ಲವೇ.

ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನಾನೂ ಕಿವಿಗೊಟ್ಟೆ. ಗಡಿಯಾರದವನ ಕಿವಿ, ಸಣ್ಣ ಸದ್ದೂ ತಪ್ಪುವುದಿಲ್ಲ. ಸದ್ದೇ ಇರಲಿಲ್ಲ.

"ಮೊನ್ನೆ ಇದು ಕಟಕಟ ಅಂತಿತ್ತು," ಎಂದಳು. "ಒಳಗಿದ್ದಿದ್ದು ದಾಹಕ ಸೋಡಾದ ಗುಳಿಗೆ. ಪ್ರ್ಯಾಕ್ಟಿಕಲ್ಲಿಗೆ ನಾನೇ ತೆಗೆದು ನಾನೇ ಮುಚ್ಚಿದ್ದೀನಿ."

ಮುಚ್ಚಳ ತೆಗೆದು ಕಾಗದದ ಮೇಲೆ ಸುರಿದಳು. ನುಣ್ಣನೆಯ ಬಿಳಿ ಹಿಟ್ಟು. ಆಮ್ಲ ಬಿಟ್ಟಳು, ಬುಸ್ಸೆಂದಿತು. ಸುಣ್ಣದ ನೀರು ಹಾಲಾಯಿತು. ಇನ್ನೊಂದು ಚಿಟಿಕೆಯನ್ನು ನೀರಿಗೆ ಹಾಕಿ ಫಿನಾಲ್ಫ್ತಲೀನ್ ಬಿಟ್ಟರೆ ಗುಲಾಬಿ ಬಂತೋ ಇಲ್ಲವೋ ಅನ್ನುವಷ್ಟು ತೆಳುವಾಗಿ ಬಂತು. ಬಟ್ಟೆ ಸೋಡಾ ಆಗಿದ್ದರೆ ಗಾಢವಾಗಿ ಬರಬೇಕಿತ್ತು. ಇದು ಬಾಯಿ ಸೋಡಾ. ಅಂಥ ನುಣ್ಣನೆಯ ಬಾಯಿ ಸೋಡಾ ತಂಗಿಯ ಬೇಕರಿಯ ಡಬ್ಬದಲ್ಲಿ ಮಾತ್ರ ಇರುತ್ತದೆ, ಅವಳು ಅದನ್ನು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಾಳೆ.

ಸೀಲು ಸಾಹೇಬ ಜೀವಮಾನದಲ್ಲಿ ಮೊದಲ ಸಲ ಒಂದು ಸರಿಯಾದ ಮಾತು ಹೇಳಿದ.

"ಅಂದ್ರೆ, ಇಲ್ಲಿಂದ ಗುಳಿಗೆ ತಗೊಂಡೋನು ಗುರುತು ಸಿಗದ ಹಾಗೆ ಬೇಕರಿ ಸೋಡಾ ತಂದು ತುಂಬಿದ್ದಾನೆ. ಲ್ಯಾಬಿಗೂ ಬರ್ತಾನೆ, ಬೇಕರಿ ಒಳಗೂ ಹೋಗ್ತಾನೆ. ಮೇಡಂ, ಬೀರು ಕೀಲಿ ಎಲ್ಲಿರತ್ತೆ?"

"ನನ್ನ ಹತ್ರ. ಮಧ್ಯಾಹ್ನ ಕ್ಲಾಸಿಗೆ ಹೋದಾಗ ಮಾತ್ರ ಆ ಬಾಗಿಲ ಹಿಂದಿನ ಮೊಳೇಲಿ. ಆ ಹೊತ್ತಲ್ಲಿ ಇಲ್ಲಿಗೆ ಬರೋರು..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಅತ್ತಿಗೆ ಬೇಕರಿಗೆ ಹೋಗುವುದಿಲ್ಲ. ನಾದಿನಿ ಲ್ಯಾಬಿಗೆ ಬರುವುದಿಲ್ಲ. ಎರಡೂ ಕಡೆ ಓಡಾಡುವವನು ಯಾರಿರಬಹುದು ಎಂದು ನಾನೂ ತಲೆ ಕೆರೆದುಕೊಂಡು ಯೋಚಿಸಿದೆ. ದಿನಾ ಮಧ್ಯಾಹ್ನ ಬೇಕರಿಯಿಂದ ಬ್ರೆಡ್ಡು ಕಟ್ಟಿಸಿಕೊಂಡು, ಹೆಂಡತಿಯ ಊಟದ ಡಬ್ಬಿ ತಂದು ಈ ಮೇಜಿನ ಮೇಲಿಟ್ಟು ಹೋಗುವ ಮನುಷ್ಯ. ನಾನು ತಲೆಯೆತ್ತುವ ಹೊತ್ತಿಗೆ ಮೂವರೂ ನನ್ನನ್ನೇ ನೋಡುತ್ತಿದ್ದರು.

"ನಾನಾ?" ಎಂದೆ. ನಗಲು ನೋಡಿದೆ. ಯಾರೂ ಜೊತೆಗೂಡಲಿಲ್ಲ.

"ರೀ, ಆ ಚೀಲ ಕೊಡಿ," ಎಂದಳು ಹೆಂಡತಿ.

ಕೊಟ್ಟೆ. ಅವಳು ಮೊದಲು ಹಿಡಿಕೆಯ ಮೇಲೆ ಒಂದು ಹನಿ ಫಿನಾಲ್ಫ್ತಲೀನ್ ಬಿಟ್ಟಳು. ತೊಳೆದ ಸೋಪು ಉಳಿದಿದ್ದರೆ ಅದಕ್ಕೂ ಬಣ್ಣ ಬರಬಹುದಲ್ಲ, ನನಗೆ ಅನ್ಯಾಯವಾಗಬಾರದು. ಹಿಡಿಕೆ ಬೆಳ್ಳಗೇ ಇತ್ತು. ಆಮೇಲೆ ಚೀಲವನ್ನು ಒಳಮಗ್ಗುಲು ಹೊರಗಾಗುವಂತೆ ತಿರುಗಿಸಿದಳು. ತಳದ ಮೂಲೆಯಲ್ಲಿ ರೂಪಾಯಿಯಗಲ ಒದ್ದೆ ಕಲೆ ಇತ್ತು, ನನ್ನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ. ಒಂದು ಹನಿ ಬಿಟ್ಟಳು.

ಬಟ್ಟೆ ಗಾಢ ಗುಲಾಬಿಯಾಯಿತು.

ಸೀಲು ಸಾಹೇಬನೂ ಜೇಬಿಗೆ ಕೈ ಹಾಕಲಿಲ್ಲ. ಹೆಂಡತಿಯ ಮುಖ ನೋಡಿದೆ. ಇಷ್ಟು ವರ್ಷದಲ್ಲಿ ಪರೀಕ್ಷೆಯೊಂದು ಸರಿಯಾಗಿ ಬಂದದ್ದಕ್ಕೆ ಅವಳು ನೊಂದದ್ದನ್ನು ನಾನು ಕಂಡಿರಲಿಲ್ಲ.

"ನಿನ್ನೆ ಈ ಚೀಲದಲ್ಲಿ ಗುಳಿಗೆ ಹೋಗಿದೆ," ಎಂದಳು. "ನೀವು ಹಾಗೆ ಮಾಡೋರಲ್ಲ ಅಂತ ನಂಗೊತ್ತು. ಅದು ನಂಬಿಕೆ, ಪುರಾವೆ ಅಲ್ಲ. ನಿನ್ನೆ ಮಧ್ಯಾಹ್ನ ಈ ಚೀಲ ನಿಮ್ಮ ಕೈಲೇ ಇತ್ತಾ? ಬೇರೆ ಯಾರಾದ್ರೂ ಇಲ್ಲಿಗೆ ತಂದ್ರಾ?"

ನಿನ್ನೆ ಮಧ್ಯಾಹ್ನ ನನ್ನ ಅಂಗಡಿಗೆ ಒಂದು ಗೋಡೆ ಗಡಿಯಾರ ಬಂದಿತ್ತು, ಎದ್ದು ಬರುವ ಹಾಗಿರಲಿಲ್ಲ. ಆಗ ತಂಗಿ ಬಂದಳು. ಚೀಲ ನಾನು ಕೊಟ್ಟು ಬರ್ತೀನಿ ಅಣ್ಣಾ, ಅತ್ತಿಗೆ ಕ್ಲಾಸಲ್ಲಿರ್ತಾರಲ್ಲ, ಮುಖ ನೋಡೋ ಪ್ರಸಂಗ ಬರಲ್ಲ, ನಾನು ಬಂದಿದ್ದೆ ಅಂತ ಮಾತ್ರ ಹೇಳಬೇಡ, ಎಂದಳು. ರಾಜಿಗೆ ಇದು ಮೊದಲ ಹೆಜ್ಜೆ ಎಂದು ನಾನು ಹಿಗ್ಗಿ ಹೀರೆಕಾಯಿಯಾಗಿ ಚೀಲವನ್ನು ಅವಳ ಕೈಗೆ ಕೊಟ್ಟಿದ್ದೆ. ಡಬ್ಬಿ ಇಟ್ಟು ಬಂದವಳು ಖಾಲಿ ಚೀಲವನ್ನು ಸಂಜೆ ನನಗೆ ಮರಳಿಸಿದ್ದಳು.

ಹೆಂಡತಿಯ ಭುಜದಾಚೆ ತಂಗಿ ನಿಂತಿದ್ದಳು. ಕಣ್ಣು ನನ್ನ ಮೇಲೆಯೇ ಇತ್ತು. ಬೇರೆ ಯಾರಿಗೂ ಕಾಣದಷ್ಟು ಮೆಲ್ಲಗೆ, ಬೇಡ ಎಂದು ತಲೆಯಾಡಿಸಿದಳು. ನೆಂಟರೆದುರು ನೀಲಿಯಾದ ಕ್ರೀಮಿನ ಲೆಕ್ಕವನ್ನು ಅತ್ತಿಗೆಯ ಬಾಟಲಿಯಿಂದಲೇ ತೀರಿಸಲು ಹೊರಟಿದ್ದಳು ಎಂದು ಆಗ ಹೊಳೆಯಿತು.

"ನನ್ನ ಕೈಲೇ ಇತ್ತು," ಎಂದೆ.